ಕೆರೆಗೆ ಬಿಟ್ಟ ಒಂದು ಬಕೆಟ್ ಮೀನು

ಕಳೆದ ದೀಪಾವಳಿಯ ರಜೆಯಲ್ಲಿ ಇಂದಿರಾನಗರದ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಒಂದು ಸಂಜೆ ಮೊಮ್ಮಗ ತನ್ನ ತಂದೆಯೊಡನೆ ಶಿವಾಜಿನಗರಕ್ಕೆ ಹೋಗಿ ಬಂದವನು, ನೀರು ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಕಣ್ಣೆದುರು ಎತ್ತಿ ಹಿಡಿದು, "ತಾತ, ಇದು ಸಿಗಡಿನಾ ಏಡಿನಾ, ಹೇಳಿ ನೋಡೋಣ" ಎಂದ. ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಗೆ ಪ್ರಶ್ನೆಪತ್ರಿಕೆ ಬರೆದವನಿಗೆ ಹೀಗೆ ಎದುರು ಪರೀಕ್ಷೆ ಬಂದೊದಗುವುದು ನಿವೃತ್ತಿಯ ಸುಖಗಳಲ್ಲಿ ಒಂದು.

ಚೀಲದಲ್ಲಿದ್ದ ಜೀವಿ ಬೆರಳುದ್ದ, ಕೆಂಪು ಬಣ್ಣದ್ದು. ಮುಂದೆ ಎರಡು ದಪ್ಪ ಇಕ್ಕಳಗಳು, ಹಿಂದೆ ಬೀಸಣಿಗೆಯಂಥ ಬಾಲ. ಏಡಿಯಾಗಿದ್ದರೆ ಬಾಲ ಹೊಟ್ಟೆಯಡಿಗೆ ಮಡಿಚಿಕೊಂಡಿರುತ್ತಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ಸಿಗಡಿಯಾಗಿದ್ದರೆ ಮೈ ಎರಡೂ ಪಕ್ಕಗಳಿಂದ ಒತ್ತಿದಂತಿರುತ್ತಿತ್ತು. ಇದರ ಮೈಯೋ ದುಂಡಗೆ ಉರುಳೆಯಂತಿತ್ತು. ನಮ್ಮ ಹೊಳೆಯ ಸಿಗಡಿಗೂ ಇಕ್ಕಳಗಳುಂಟು. ಆದರೆ ಅವುಗಳಲ್ಲಿ ದೊಡ್ಡವು ಎರಡನೆಯ ಜೊತೆ ಕಾಲಿನಲ್ಲಿ, ಸಣಕಲು ಕಡ್ಡಿಯಂತೆ ಇರುತ್ತವೆ. ಈ ಜೀವಿಯ ದೊಡ್ಡ ಇಕ್ಕಳಗಳು ಮೊದಲ ಜೊತೆ ಕಾಲಿನಲ್ಲೇ ಇದ್ದವು; ಅದರ ಹಿಂದಿನ ಎರಡು ಜೊತೆ ಕಾಲುಗಳ ತುದಿಯಲ್ಲೂ ಪುಟ್ಟ ಇಕ್ಕಳಗಳಿದ್ದವು. "ಎರಡೂ ಅಲ್ಲ ಮಗು, ಇದು ಕ್ರೇಫಿಶ್" ಎಂದೆ. ನನಗೆ ಪೂರ್ಣ ಅಂಕ ದೊರೆಯಿತು.

ಅಂಗಡಿಯಲ್ಲಿ ಅದರ ಊರು ಯಾವುದೆಂದು ಹೇಳಿರಲಿಲ್ಲ. ಇವರು ಕೇಳಿಯೂ ಇರಲಿಲ್ಲ. ಭಾರತದ ಯಾವ ಹೊಳೆ, ಕೆರೆ, ಕುಂಟೆಯಲ್ಲೂ ಕ್ರೇಫಿಶ್ ಎಂಬ ಜೀವಿ ಸ್ವಾಭಾವಿಕವಾಗಿ ಇಲ್ಲ. ಸಿಹಿನೀರಿನ ಏಡಿಯುಂಟು, ಸಿಗಡಿಯುಂಟು, ಇದಿಲ್ಲ. ಆದ್ದರಿಂದಲೇ ನಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಸರೂ ಇಲ್ಲ. ಇಕ್ಕಳದ ಮೇಲಿನ ಕೆಂಪು ಗುಬುಟುಗಳನ್ನೂ, ಬೆನ್ನಿನ ಮೇಲೆ ನಡುವೆ ಸಂದಿಯಿಲ್ಲದೆ ಕೂಡಿಕೊಂಡ ಎರಡು ಗೆರೆಗಳನ್ನೂ ನೋಡಿದರೆ, ಅದು ಅಮೆರಿಕದ ದಕ್ಷಿಣ ಭಾಗದ ಜೌಗು ಪ್ರದೇಶದ ಕೆಂಪು ಕ್ರೇಫಿಶ್ ಎಂದೇ ತೋರಿತು.

ಎರಡು ವಾರ ಕಳೆದ ಮೇಲೆ ಮಗಳು ದೂರವಾಣಿ ಮಾಡಿದಳು. ಕ್ರೇಫಿಶ್ ತೊಟ್ಟಿಯಲ್ಲಿದ್ದ ಬಣ್ಣದ ಮೀನುಗಳಲ್ಲಿ ಮೂರನ್ನು ಮುಗಿಸಿತ್ತು. "ಅಪ್ಪ, ಅದನ್ನ ಸಾಯಿಸೋಕೆ ಮನಸ್ಸು ಬರಲ್ಲ. ಭಾನುವಾರ ಹಲಸೂರು ಕೆರೆಗೆ ಬಿಟ್ಟು ಬಂದುಬಿಡ್ತೀವಿ. ಪಾಪ, ಎಲ್ಲೋ ಬದುಕಿಕೊಳ್ಳುತ್ತೆ" ಎಂದಳು.

"ಬೇಡಮ್ಮ, ಖಂಡಿತ ಬೇಡ" ಎಂದೆ. ನನ್ನ ಧ್ವನಿ ಅಗತ್ಯಕ್ಕಿಂತ ಗಟ್ಟಿಯಾಗಿತ್ತೆಂದು ಆಮೇಲೆ ಅನ್ನಿಸಿತು. ಅದಕ್ಕೆ ಕಾರಣವಿದೆ. ಅದನ್ನು ಹೇಳುವುದಕ್ಕೆಂದೇ ಈ ಬರಹ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಕಥೆಯ ಪಾತ್ರಧಾರಿಗಳೂ ಹೌದು.

1984ರ ಬೇಸಿಗೆ. ನಿಮ್ಮ ಎಂಟನೆಯ ತರಗತಿಯ ಪರೀಕ್ಷೆಗಳು ಮುಗಿದಿದ್ದವು. ಶಾಲೆಯ ಹಿಂಬದಿಯ ಸಿಮೆಂಟ್ ತೊಟ್ಟಿಯಲ್ಲಿ, ಸೊಳ್ಳೆ ಮರಿಗಳನ್ನು ತಿನ್ನಲೆಂದು ಆರೋಗ್ಯ ಕಾರ್ಯಕರ್ತರೊಬ್ಬರು ತಂದುಕೊಟ್ಟ ಗ್ಯಾಂಬೂಸಿಯಾ ಮೀನುಗಳಿದ್ದುದು ನೆನಪಿದೆಯೇ? ಹತ್ತಿಪ್ಪತ್ತು ಇದ್ದವು ಒಂದು ವರ್ಷದಲ್ಲಿ ನೂರಾರಾಗಿದ್ದವು. ರಜೆಯಲ್ಲಿ ತೊಟ್ಟಿ ಬತ್ತಿ ಅವು ಸಾಯುತ್ತವೆಂದು ನಿಮಗೂ ಸಂಕಟ, ನನಗೂ ಸಂಕಟ. ಕೊನೆಗೆ ಒಂದು ಬಕೆಟ್ಟಿಗೆ ಅವನ್ನೆಲ್ಲ ತುಂಬಿ, ಸರದಿಯಂತೆ ಹಿಡಿ ಬದಲಾಯಿಸುತ್ತ, ಹಲಸೂರು ಕೆರೆಯ ದಡಕ್ಕೆ ಮೆರವಣಿಗೆಯಲ್ಲಿ ಹೋದೆವು. ಬಕೆಟ್ ಬಗ್ಗಿಸುವ ಮೊದಲು ನಾನು ಒಂದು ಪುಟ್ಟ ಭಾಷಣವನ್ನೂ ಮಾಡಿದೆ. ನೀರಿನ ಜೀವ ನೀರಿಗೆ ಸೇರುವುದೇ ಧರ್ಮವೆಂದೂ, ಬಂಧನದಿಂದ ಬಿಡಿಸುವುದಕ್ಕಿಂತ ದೊಡ್ಡ ದಯೆಯಿಲ್ಲವೆಂದೂ ಹೇಳಿದೆ. ನೀವು ಚಪ್ಪಾಳೆ ತಟ್ಟಿದಿರಿ. ಮೀನುಗಳು ಕ್ಷಣಾರ್ಧದಲ್ಲಿ ಕಣ್ಮರೆಯಾದವು.

ನಾನು ಕಲಿಸಿದ ಪಾಠಗಳಲ್ಲಿ ಹಿಂದಕ್ಕೆ ಪಡೆಯಬೇಕೆನಿಸಿದ್ದು ಇದೊಂದು. ಹಾಗೆನ್ನಲು ಕಾರಣ ತಿಳಿಯಬೇಕಾದರೆ ಆ ಮೀನು ನಮ್ಮೂರಿಗೆ ಬಂದ ಇತಿಹಾಸವನ್ನು ಸ್ವಲ್ಪ ನೋಡಬೇಕು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ದಂಡನ್ನು ನೆಲೆಗೊಳಿಸಿದರು. ಶ್ರೀರಂಗಪಟ್ಟಣದ ಜ್ವರಪೀಡಿತ ವಾತಾವರಣದಿಂದ ಸೈನ್ಯವನ್ನು ಹೊರತರುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಬಾವಿ, ತೊಟ್ಟಿ, ಕುಂಟೆಗಳಿಂದ ತುಂಬಿದ ದಂಡು ಪ್ರದೇಶದಲ್ಲಿ ಸೊಳ್ಳೆಗಳಿಗೆ ಕೊರತೆಯಿರಲಿಲ್ಲ. 1883ರಲ್ಲಿ ತರುಣ ಸೇನಾವೈದ್ಯ ರೊನಾಲ್ಡ್ ರಾಸ್ ಇಲ್ಲಿಗೆ ಬಂದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವು ಮರಿಯಾಗುತ್ತಿರುವುದನ್ನು ಕಂಡು ಅದನ್ನು ಬರಿದು ಮಾಡಿಸಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಹಾಗೆಯೇ ಬರಿದು ಮಾಡೋಣವೆಂದು ಸೂಚಿಸಿದಾಗ, ಅದು ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಿದಂತಾಗುತ್ತದೆಂದು ಸೇನಾಧಿಕಾರಿಯೊಬ್ಬರು ಒಪ್ಪಲಿಲ್ಲವೆಂದು ರಾಸ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂದೆ 1897ರಲ್ಲಿ ಇದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದರು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಮಲೇರಿಯಾಕ್ಕೆ ಸೊಳ್ಳೆಯೇ ವಾಹಕವೆಂದು ತಿಳಿದ ಮೇಲೆ, ಸೊಳ್ಳೆಯ ಮರಿಯನ್ನು ನೀರಿನಲ್ಲೇ ಮುಗಿಸುವ ಉಪಾಯಗಳು ಜಗತ್ತಿನಾದ್ಯಂತ ಹುಟ್ಟಿಕೊಂಡವು. ಅಮೆರಿಕದ ಟೆಕ್ಸಾಸ್ ಮೊದಲಾದ ದಕ್ಷಿಣ ರಾಜ್ಯಗಳ ಗ್ಯಾಂಬೂಸಿಯಾ ಎಂಬ ಎರಡು ಅಂಗುಲದ ಬೂದು ಮೀನಿಗೆ ಅದೃಷ್ಟ ಖುಲಾಯಿಸಿತು. 1921ರಲ್ಲಿ ಅದು ಸ್ಪೇನಿಗೆ ಹೋಯಿತು, ಅಲ್ಲಿಂದ ಇಟಲಿಗೆ, 1925ರಲ್ಲಿ ಆಸ್ಟ್ರೇಲಿಯಕ್ಕೆ. 1928ರಲ್ಲಿ ಇಟಲಿಯಿಂದ ಅದನ್ನು ಭಾರತಕ್ಕೆ ತಂದವರು ಡಾ. ಬಿ.ಎ. ರಾವ್. ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಾ. ಸ್ವೀಟ್ ಅವರೊಡನೆ ಮಲೇರಿಯಾದ ಮೇಲೆ ದುಡಿದವರು ಅವರು. ಮಲೆನಾಡಿನ ಹಳ್ಳಿಗಳನ್ನೂ ನೀರಾವರಿಯ ಬಯಲನ್ನೂ ಜ್ವರ ಹಿಂಡುತ್ತಿದ್ದ ಕಾಲವದು. ಡಿಡಿಟಿ ಇನ್ನೂ ಬಂದಿರಲಿಲ್ಲ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ, ಎಂಥ ಕೊಳಕು ನೀರಿನಲ್ಲೂ ಬದುಕುವ, ಖರ್ಚಿಲ್ಲದೆ ಹೆಚ್ಚುವ ಮೀನೊಂದು ಕೈಗೆ ಸಿಕ್ಕಾಗ ಯಾರು ತಾನೆ ಬಿಡುತ್ತಿದ್ದರು? ಅವರ ಸ್ಥಾನದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಈ ಇಬ್ಬರ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಬಾವಿ, ತೊಟ್ಟಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಕಣ್ಣಿಗೆ ಒಂದೇ ಆಗಿ ಕಾಣುತ್ತದೆ. ಸ್ವೀಟ್ ಮತ್ತು ರಾವ್ ಅದರ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಪುಟ್ಟ ಬುರುಡೆಗಳ ಮೇಲಿನ ಏಣುಗಳನ್ನು ಎಣಿಸಿ, ಹೆಚ್ಚು ಏಣುಗಳ ಬಗೆ ಒಂದು, ಕಡಿಮೆ ಏಣುಗಳ ಬಗೆ ಇನ್ನೊಂದು ಎಂದು 1937ರಲ್ಲಿ ತೋರಿಸಿಕೊಟ್ಟರು. ಎರಡನೆಯದಕ್ಕೆ ನಮ್ಮ ಸಂಸ್ಥಾನದ ಹೆಸರನ್ನೇ ಸೇರಿಸಿ 'ಮೈಸೊರೆನ್ಸಿಸ್' ಎಂದು ಕರೆದರು. ಪಟ್ಟಣದಲ್ಲಿ ಮಲೇರಿಯಾ ಹರಡುವುದರಲ್ಲಿ ಮೊದಲನೆಯ ಬಗೆ ಚತುರ, ಹಳ್ಳಿಯ ಮೈಸೊರೆನ್ಸಿಸ್ ದುರ್ಬಲ. ಒಂದೇ ಎಂದು ತಿಳಿದದ್ದು ಎರಡೆಂದು ಗೊತ್ತಾದಾಗ, ಯಾರೊಡನೆ ಹೋರಾಡಬೇಕೆಂಬುದೇ ಬದಲಾಗುತ್ತದೆ. ಗುರುತಿಸುವುದೆಂದರೆ ಹೆಸರಿಡುವುದಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೊಳ್ಳೆಗೆ ಸಂದ ಈ ಎಚ್ಚರ ಮೀನಿಗೆ ಸಲ್ಲಲಿಲ್ಲ. ತಂದ ಮೀನು ಸೊಳ್ಳೆಮರಿಯನ್ನಲ್ಲದೆ ಇನ್ನೇನನ್ನು ತಿನ್ನುತ್ತದೆ, ಅದೇ ಕೆಲಸ ಮಾಡುವ ಮೀನು ನಮ್ಮ ನೀರಿನಲ್ಲೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಆ ಕಾಲದಲ್ಲಿ ಯಾವ ದೇಶದಲ್ಲೂ ಹೆಚ್ಚು ಬೆಲೆಯಿರಲಿಲ್ಲ. ಕಲ್ಕತ್ತೆಯ ಪ್ರಾಣಿಶಾಸ್ತ್ರಜ್ಞರಾದ ಬೈನಿ ಪ್ರಸಾದ್ ಮತ್ತು ಸುಂದರ್ ಲಾಲ್ ಹೋರಾ ಸೊಳ್ಳೆಮರಿ ತಿನ್ನಬಲ್ಲ ಭಾರತದ ಮೀನುಗಳ ಸಮೀಕ್ಷೆಯೊಂದನ್ನು 1936ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಗ್ಯಾಂಬೂಸಿಯಾ ಬಂದು ಎಂಟು ವರ್ಷವಾಗಿತ್ತು.

ನಮ್ಮ ಕುಂಟೆ, ಕಾಲುವೆಗಳ ದೇಶೀ ಮೀನೊಂದನ್ನು ನೀವೂ ನೋಡಿರುತ್ತೀರಿ. ನೀರಿನ ಮೇಲ್ಪದರಕ್ಕೆ ಅಂಟಿಕೊಂಡಂತೆ ಈಜುತ್ತದೆ. ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟಿನಂಥ ಚುಕ್ಕಿ ಹೊಳೆಯುತ್ತದೆ. ಅಪ್ಲೊಕೈಲಸ್ ಎಂಬ ಕುಲದ ಈ ಮೀನು ಸೊಳ್ಳೆಮರಿಯನ್ನು ಚೆನ್ನಾಗಿಯೇ ತಿನ್ನುತ್ತದೆ. ಗ್ಯಾಂಬೂಸಿಯಾಗೆ ಆ ಚುಕ್ಕಿಯಿಲ್ಲ. ತಲೆ ಚಪ್ಪಟೆ, ಬಾಯಿ ಮೇಲ್ಮುಖ, ಬಾಲ ದುಂಡಗೆ, ಮೈ ಬೂದು. ಬಸುರಿಯಾದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದು ಕಾಣುತ್ತದೆ. ಅದರ ಹತ್ತಿರದ ಬಂಧು ಗಪ್ಪಿಯ ಹೆಣ್ಣೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಆದರೆ ಗಪ್ಪಿಯ ಗಂಡಿಗೆ ಬಣ್ಣದ ಚಿತ್ತಾರವಿರುವುದರಿಂದ ಬೇರ್ಪಡಿಸಿ ತಿಳಿಯಬಹುದು. ಅಂದು ನಮ್ಮ ತೊಟ್ಟಿಯ ಬಳಿ ಇಷ್ಟನ್ನು ನಾನು ನಿಮಗೆ ಹೇಳಿಕೊಟ್ಟಿರಲಿಲ್ಲ. ಸಣ್ಣವೆಲ್ಲ ಮೀನುಮರಿ, ದೊಡ್ಡವೆಲ್ಲ ಮೀನು, ಎಲ್ಲವೂ ನೀರಿನ ಜೀವ. ನನ್ನ ವಿಜ್ಞಾನ ಅಷ್ಟಕ್ಕೇ ನಿಂತಿತ್ತು.

ಗ್ಯಾಂಬೂಸಿಯಾ ಸೊಳ್ಳೆಮರಿಯನ್ನು ತಿನ್ನುತ್ತದೆ, ನಿಜ. ಅದರೊಡನೆ ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಬೇರೆ ಮೀನುಗಳ ಮೊಟ್ಟೆ ಮರಿಗಳನ್ನು ತಿನ್ನುತ್ತದೆ. ತನಗಿಂತ ದೊಡ್ಡ ಮೀನುಗಳ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಸೊಳ್ಳೆಮರಿಗಳನ್ನು ಬೇಟೆಯಾಡುವ ನೀರಿನ ಕೀಟಗಳೂ ಅದಕ್ಕೆ ಆಹಾರವೇ. ಹೀಗೆ ಸೊಳ್ಳೆಯ ಶತ್ರುವೆಂದು ಬಂದದ್ದು ಸೊಳ್ಳೆಯ ಇತರ ಶತ್ರುಗಳನ್ನೂ ಮುಗಿಸುತ್ತದೆ. ವಿಶ್ವದ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಸಿದ್ಧಪಡಿಸಿದ ನೂರರ ಪಟ್ಟಿಯಲ್ಲಿ ಗ್ಯಾಂಬೂಸಿಯಾಗೂ ಸ್ಥಾನವಿದೆ. ನಮ್ಮ ಕೆರೆಗಳನ್ನು ಹಸಿರು ಚಾಪೆಯಂತೆ ಮುಚ್ಚುವ ಅಂತರಗಂಗೆಯೂ ಅದೇ ಪಟ್ಟಿಯಲ್ಲಿದೆ.

ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಕೋಲಾರ, ತುಮಕೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಬಾವಿಗಳಿಗೆ ಇಂಥ ಮೀನು ಬಿಟ್ಟು ಮಲೇರಿಯಾವನ್ನು ಇಳಿಸಿದ ಸಂಶೋಧಕರಿದ್ದಾರೆ. ಸುತ್ತಲೂ ಕಲ್ಲು ಕಟ್ಟಿದ ಬಾವಿಯ ಮೀನು ಬಾವಿಯಲ್ಲೇ ಇರುತ್ತದೆ. ಕೆರೆ ಹಾಗಲ್ಲ. ಹಲಸೂರು ಕೆರೆಯ ಕೋಡಿಯ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರಿಗೆ ಹೋಗುತ್ತದೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ, ಅದರೊಡನೆ ತಮಿಳುನಾಡಿಗೆ. ಕೆರೆಗಳನ್ನು ಸರಪಣಿಯಂತೆ ಕಟ್ಟಿದ ನಮ್ಮ ಹಿರಿಯರ ಜಾಣ್ಮೆಯನ್ನು ತರಗತಿಯಲ್ಲಿ ಎಷ್ಟು ಸಲ ಕೊಂಡಾಡಿದ್ದೇನೆ! ಆ ಸರಪಣಿಯ ಮೇಲಿನ ಕೊಂಡಿಯಲ್ಲಿ ಬಿಟ್ಟದ್ದು ಕೆಳಗಿನ ಎಲ್ಲ ಕೊಂಡಿಗಳಿಗೂ ತಲಪುತ್ತದೆಂಬುದು ಬಕೆಟ್ ಹಿಡಿದಾಗ ಹೊಳೆಯಲಿಲ್ಲ.

ಗ್ಯಾಂಬೂಸಿಯಾ ಒಂಟಿ ಅತಿಥಿಯೂ ಅಲ್ಲ. ಬಡವರಿಗೆ ಅಗ್ಗದ ಆಹಾರವಾಗಲೆಂದು 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕದ ತಿಲಾಪಿಯಾ ಈಗ ನಮ್ಮ ಮಾರುಕಟ್ಟೆಗಳಲ್ಲಿ 'ಜಿಲೇಬಿ' ಎಂಬ ಹೆಸರು ಪಡೆದು ನಮ್ಮದೇ ಮೀನಾಗಿ ಹೋಗಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಬಂದದ್ದು; ಕೇಂದ್ರ ಸರ್ಕಾರ 1997ರಲ್ಲಿ ಅದರ ಸಾಕಣೆಯನ್ನು ನಿಷೇಧಿಸಿದ ಮೇಲೂ ಕದ್ದು ಸಾಕುವುದು ನಿಲ್ಲಲಿಲ್ಲ. ಕೆ.ಆರ್. ಪುರದ ಕಡೆ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ನನಗೆ ಚಿತ್ರ ಕಳುಹಿಸಿ, "ಸಾರ್, ಇದು ನಮ್ಮ ಮುರುಗೋಡು ಮೀನೇನಾ?" ಎಂದು ಕೇಳಿದ್ದ. ಮೀಸೆಯಿತ್ತು, ಕಪ್ಪು ಮೈಯಿತ್ತು, ಆದರೆ ಉದ್ದ ಎರಡೂವರೆ ಅಡಿ. ನಮ್ಮ ಮುರುಗೋಡು ಒಂದೂವರೆ ಅಡಿಯನ್ನೂ ದಾಟುವುದು ಅಪರೂಪ. ಆಫ್ರಿಕದ್ದು ಮೂರಡಿಯನ್ನೂ ಮೀರಿ ಬೆಳೆಯುತ್ತದೆ, ಎದುರಿಗೆ ಬಂದ ಮೀನನ್ನೆಲ್ಲ ತಿನ್ನುತ್ತದೆ, ಗಾಳಿಯನ್ನೇ ಉಸಿರಾಡಬಲ್ಲದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ನಾವೆಲ್ಲ ಮರುಗುತ್ತ ನೋಡಿದೆವು. ನೀರಿನಲ್ಲಿ ಪ್ರಾಣವಾಯು ಕುಸಿದಾಗ ಮೊದಲು ಸಾಯುವುವು ಸೂಕ್ಷ್ಮ ಜೀವಿಗಳು. ಉಳಿದುಕೊಳ್ಳುವುವು ಇಂಥ ಗಟ್ಟಿಪಿಂಡಗಳು. ನಾವು ಕೆರೆಯನ್ನು ಕೊಳಕು ಮಾಡಿದಷ್ಟೂ ಹೊರಗಿನವಕ್ಕೆ ಅನುಕೂಲ.

ಇನ್ನು ಈ ಕ್ರೇಫಿಶ್. 1927ರಲ್ಲಿ, ಅಂದರೆ ನಮ್ಮಲ್ಲಿಗೆ ಗ್ಯಾಂಬೂಸಿಯಾ ಬರುವ ಹಿಂದಿನ ವರ್ಷ, ಜಪಾನಿನವರು ಸಾಕಣೆಯ ಕಪ್ಪೆಗಳಿಗೆ ಆಹಾರವಾಗಲೆಂದು ಅಮೆರಿಕದಿಂದ ಕೆಂಪು ಕ್ರೇಫಿಶ್ ತರಿಸಿದರು. ಪ್ರಯಾಣದಲ್ಲಿ ಬದುಕುಳಿದವು ಸುಮಾರು ಇಪ್ಪತ್ತು ಮಾತ್ರವಂತೆ. ಆ ಇಪ್ಪತ್ತರಿಂದ ಆರಂಭವಾಗಿ ಅದು ಜಪಾನಿನ ಗದ್ದೆ ಕೊಳಗಳನ್ನೆಲ್ಲ ತುಂಬಿತು. ಅಲ್ಲಿಯ ಮಕ್ಕಳಿಗೆ ದಾರ ಕಟ್ಟಿ ಅದನ್ನು ಹಿಡಿಯುವುದೊಂದು ಪ್ರಿಯವಾದ ಆಟ. ಕೊನೆಗೆ 2023ರಲ್ಲಿ ಅದನ್ನು ಮಾರುವುದನ್ನೂ ಹೊರಗೆ ಬಿಡುವುದನ್ನೂ ಜಪಾನ್ ಕಾನೂನಿನಿಂದ ನಿಷೇಧಿಸಿತು. ಮನೆಯಲ್ಲಿ ಸಾಕಿಕೊಂಡವರು ಅದರ ಆಯುಸ್ಸು ಮುಗಿಯುವವರೆಗೆ ಸಾಕಬಹುದು. ಕೀನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ, ಸ್ಪೇನಿಗೆ 1973ರಲ್ಲಿ ಇದನ್ನು ಬಿಟ್ಟರು. ಹೋದಲ್ಲೆಲ್ಲ ನೀರಿನೊಳಗಿನ ಗಿಡಗಳನ್ನು ಕತ್ತರಿಸಿತು, ಗದ್ದೆಯ ಬದುಗಳಲ್ಲೂ ಕಾಲುವೆಯ ದಡಗಳಲ್ಲೂ ಬಿಲ ತೋಡಿತು. ನೂರಾರು ವರ್ಷಗಳಿಂದ ಮಣ್ಣಿನ ಏರಿಯನ್ನೇ ನಂಬಿ ನಿಂತಿರುವ ಕೆರೆಗಳ ನಾಡು ನಮ್ಮದು. ಏರಿಯೊಳಗೆ ಬಿಲ ತೋಡುವವನನ್ನು ದಯೆಯ ಹೆಸರಿನಲ್ಲಿ ನಾವೇ ಕರೆದುಕೊಂಡು ಹೋಗಿ ಬಿಡಬೇಕೇ?

ಅದರ ಸೋದರಿ ಜಾತಿಯೊಂದು ಇನ್ನೂ ವಿಚಿತ್ರ. ಅಮೃತಶಿಲೆಯಂಥ ಮಚ್ಚೆಗಳ ಆ ಕ್ರೇಫಿಶ್ 1990ರ ದಶಕದಲ್ಲಿ ಜರ್ಮನಿಯ ಗಾಜಿನ ತೊಟ್ಟಿಗಳಲ್ಲಿ ಮೊದಲು ಕಾಣಿಸಿಕೊಂಡಿತು. ಅದರಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಗಂಡಿನ ಸಂಪರ್ಕವಿಲ್ಲದೆಯೇ ತನ್ನ ಪಡಿಯಚ್ಚುಗಳಂಥ ನೂರಾರು ಮರಿಗಳನ್ನು ಹಡೆಯುತ್ತದೆ. ತೊಟ್ಟಿಯಿಂದ ಹೊರಬಿದ್ದು ಮಡಗಾಸ್ಕರಿನ ಗದ್ದೆ ಹೊಳೆಗಳಲ್ಲಿ ಹರಡಿದೆ. "ಒಂದೇ ಒಂದು ಬಿಟ್ಟರೆ ಏನಾಗುತ್ತದೆ?" ಎಂದು ಕೇಳುವವರಿಗೆ ಅದೇ ಉತ್ತರ.

ನನ್ನ ತಪ್ಪನ್ನು ಅದರ ಅಳತೆಗಿಂತ ಹಿಗ್ಗಿಸಿ ಹೇಳುವುದೂ ಸರಿಯಲ್ಲ. ನಮ್ಮ ಬಕೆಟ್ಟಿಗಿಂತ ಮೊದಲೇ ಈ ನಗರದ ಕೆರೆಕುಂಟೆಗಳಿಗೆ ಗ್ಯಾಂಬೂಸಿಯಾ ಸೇರಿತ್ತು. ನಾವು ಬಿಡದಿದ್ದರೂ ಅದು ಇರುತ್ತಿತ್ತು. ನನ್ನನ್ನು ಕಾಡುವುದು ಮೀನಲ್ಲ, ಆ ಭಾಷಣ. ಮೂವತ್ತೆಂಟು ಮಕ್ಕಳು ಅಂದು ಅದನ್ನು ಕೇಳಿ ನಂಬಿದರು. ನನ್ನ ಮಗಳು ಆಗ ಪುಟ್ಟವಳು, ನನ್ನ ಕೈ ಹಿಡಿದು ಆ ಮೆರವಣಿಗೆಯಲ್ಲಿ ಬಂದಿದ್ದಳು. ನಲವತ್ತು ವರ್ಷಗಳ ಮೇಲೆ ದೂರವಾಣಿಯಲ್ಲಿ ಅವಳು ನನಗೆ ಒಪ್ಪಿಸಿದ್ದು ನಾನೇ ಕಲಿಸಿದ ಪಾಠವನ್ನು. ಅವಳಿಗೆ ಗದರುವ ಅಧಿಕಾರ ನನಗೆಲ್ಲಿತ್ತು?

ಮರುದಿನ ನಾನೇ ಫೋನ್ ಮಾಡಿ ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವತ್ತು ನಾವು ಮಾಡಿದ್ದು ತಪ್ಪಾ ಅಪ್ಪ?" ಎಂದಳು. "ನಾವಲ್ಲಮ್ಮ, ನಾನು" ಎಂದೆ.

ನಿಮ್ಮ ಮನೆಗಳಲ್ಲಿಯೂ ಮಕ್ಕಳಿದ್ದಾರೆ, ಕೆಲವರ ಮನೆಯಲ್ಲಿ ಮೊಮ್ಮಕ್ಕಳೂ ಬಂದಿರಬಹುದು. ಗಾಜಿನ ತೊಟ್ಟಿಯ ಮೀನು, ಆಮೆ, ಕ್ರೇಫಿಶ್ ಯಾವುದನ್ನೇ ತಂದರೂ ಮೊದಲು ಅದರ ಹೆಸರನ್ನೂ ಊರನ್ನೂ ಕೇಳಿ ತಿಳಿಯಿರಿ. ಸಾಕಲಾರದಾದರೆ ತಂದ ಅಂಗಡಿಗೇ ಹಿಂದಿರುಗಿಸಿ, ಅಥವಾ ಸಾಕಬಲ್ಲವರಿಗೆ ಕೊಡಿ. ತೊಟ್ಟಿಯ ನೀರನ್ನು ಕಾಲುವೆಗೆ ಚೆಲ್ಲದೆ ಗಿಡದ ಬುಡಕ್ಕೆ ಹಾಕಿ. ಅದರಲ್ಲಿ ಕಣ್ಣಿಗೆ ಕಾಣದ ಮೊಟ್ಟೆ ಮರಿಗಳಿರಬಹುದು. ಕೆರೆಗೆ ಮಾತ್ರ ಯಾವುದನ್ನೂ ಬಿಡಬೇಡಿ. ಕೆರೆಯಲ್ಲಿ ಈಗಾಗಲೇ ಇರುವ ಜೀವಗಳಿಗೂ ನಮ್ಮ ದಯೆಯಲ್ಲಿ ಪಾಲಿದೆ. 1984ರಲ್ಲಿ ನಾನು ಹೇಳಬೇಕಾಗಿದ್ದದ್ದು ಇದು. ತಡವಾಗಿಯಾದರೂ ಹೇಳಿದ್ದೇನೆ, ಹಳೆಯ ಪಾಠವನ್ನು ಹೊಡೆದುಹಾಕಿ ಇದನ್ನು ಬರೆದುಕೊಳ್ಳಿ.

ಮೊಮ್ಮಗನ ಕ್ರೇಫಿಶ್ ಈಗ ಬೇರೊಂದು ತೊಟ್ಟಿಯಲ್ಲಿ ಒಂಟಿಯಾಗಿದೆ. ಅದು ಹತ್ತಿ ಹೊರಬರುವುದರಲ್ಲಿ ನಿಪುಣವಾದ್ದರಿಂದ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಎರಡು ದಪ್ಪ ಪುಸ್ತಕಗಳು. ಕಳೆದ ವಾರ ಅದು ಪೊರೆ ಕಳಚಿತಂತೆ. ಕಳಚಿದ ಚಿಪ್ಪನ್ನು ಒಣಗಿಸಿ, ಒಂದು ರಟ್ಟಿನ ಮೇಲೆ ಅಂಟಿಸಿ, ಪ್ರತಿಯೊಂದು ಜೊತೆ ಕಾಲಿಗೂ ಸಂಖ್ಯೆ ಕೊಟ್ಟು, ಕೆಳಗೆ ಅದರ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದು ನನಗೆ ತೋರಿಸಿದ. ಒಂದು ಕಾಗುಣಿತದ ತಪ್ಪಿತ್ತು. ತಿದ್ದಿ ಕೊಟ್ಟೆ.